ಅಂಧ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡುವುದರಿಂದ ಬರೆಯುವವರು ಕಲಿಯುವುದೇನು?

ಪ್ರಶ್ನೆ (ಬಿ.ಕಾಂ. ವಿದ್ಯಾರ್ಥಿನಿ, ಮೈಸೂರು)

ಮಾನ್ಯರೇ, ಬಿ.ಎ. ಅಂತಿಮ ವರ್ಷದ ಅಂಧ ವಿದ್ಯಾರ್ಥಿಯೊಬ್ಬರಿಗೆ ಇತಿಹಾಸ ಪತ್ರಿಕೆಯ ಲಿಪಿಕಾರಳಾಗಲು ನನ್ನನ್ನು ಕೇಳಿದ್ದಾರೆ. ಒಪ್ಪಿಕೊಳ್ಳುವ ಮನಸ್ಸಿದೆ. ಆದರೆ ನನ್ನ ಗೆಳತಿಯರು ಬಡಾವಣೆಯ ಮಕ್ಕಳಿಗೆ ಪಾಠ ಹೇಳಿಕೊಡುತ್ತಾರೆ, ಅವರಿಗೆ ತಮ್ಮ ತಿಳಿವಳಿಕೆಯನ್ನು ಬಳಸುವ ಅವಕಾಶವಿದೆ. ಇಲ್ಲಿ ಇನ್ನೊಬ್ಬರು ಹೇಳಿದ್ದನ್ನು ಬರೆಯುವುದಷ್ಟೇ ಕೆಲಸ. ಇದರಿಂದ ಕಲಿಯುವುದು ಏನಾದರೂ ಇದೆಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1 (ನಿವೃತ್ತ ಉಪನ್ಯಾಸಕಿ, ಧಾರವಾಡ)

ತಂಗೀ, ತಿಳಿದದ್ದನ್ನು ಬಳಸದೆ ಕೂರುವುದೇ ಈ ಕೆಲಸದ ಕಷ್ಟ. ಇಮ್ಮಡಿ ಪುಲಕೇಶಿಯು ಹರ್ಷನನ್ನು ತಡೆದದ್ದು ಕಾವೇರಿಯ ದಡದಲ್ಲಿ ಎಂದು ಆ ವಿದ್ಯಾರ್ಥಿ ಹೇಳಿದರೆಂದು ಇಟ್ಟುಕೊಳ್ಳಿ. ಅದು ನರ್ಮದೆ ಎಂದು ನಿಮಗೆ ಚೆನ್ನಾಗಿ ಗೊತ್ತು. ಆದರೂ ನೀವು ಬರೆಯಬೇಕಾದದ್ದು ಕಾವೇರಿ ಎಂದೇ. "ಕಾವೇರಿಯಾ?" ಎಂದು ಕೇಳುವುದಂತೂ ಕೂಡದು, ಅರೆಗಳಿಗೆ ಪೆನ್ನು ನಿಲ್ಲಿಸಿದರೂ ಅದು ಸುಳಿವು ಕೊಟ್ಟಂತೆಯೇ, ಏಕೆಂದರೆ ಎದುರಿಗೆ ಕುಳಿತವರು ನಿಮ್ಮ ಪೆನ್ನಿನ ಸದ್ದನ್ನು ಕೇಳಿಸಿಕೊಳ್ಳುತ್ತಲೇ ಇರುತ್ತಾರೆ. ಬರೆದದ್ದನ್ನು ಮತ್ತೆ ಓದಿ ಹೇಳಿ ಎಂದಾಗಲೂ ತಪ್ಪಿನ ಮೇಲೆ ದನಿ ಏರಿಸದೆ ಒಂದೇ ಸಮನೆ ಓದಬೇಕು. ನೆರವು ಎಂದರೆ ನಮ್ಮ ಬುದ್ಧಿಯನ್ನು ಇನ್ನೊಬ್ಬರಿಗೆ ಕೊಡುವುದು ಎಂದುಕೊಂಡವರಿಗೆ ಇದು ಮೊದಮೊದಲು ಹಿಂಸೆಯೇ ಸರಿ.

ಇನ್ನು, ಮೊದಲು ಇಡೀ ಪ್ರಶ್ನೆಪತ್ರಿಕೆಯನ್ನು ಅಂಕಗಳ ಸಮೇತ ಓದಿ ಹೇಳಿ. ಯಾವುದನ್ನು ಮೊದಲು ಬರೆಯುವುದೆಂಬ ತೀರ್ಮಾನ ಅವರದು. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವಿರುವುದರಿಂದ ಮೂರು ಗಂಟೆಯ ಪತ್ರಿಕೆ ನಾಲ್ಕು ಗಂಟೆಯಾಗುತ್ತದೆ. ಬೆರಳು ನೋಯುತ್ತದೆ, ಅದಕ್ಕೂ ಸಿದ್ಧರಾಗಿರಿ.

ಉತ್ತರ 2 (ಬ್ಯಾಂಕ್ ಉದ್ಯೋಗಿ, ಕಲಬುರಗಿ)

ಲಿಪಿಕಾರರ ನೆರವಿನಿಂದಲೇ ಪದವಿ ಮುಗಿಸಿದವನು ನಾನು. ಉಪನ್ಯಾಸಕಿಯವರ ಮಾತನ್ನು ಒಪ್ಪುತ್ತೇನೆ, ಆದರೆ ಪ್ರಶ್ನೆಯ ಬಗ್ಗೆ ನನಗೊಂದು ತಕರಾರಿದೆ. ನಿಮ್ಮ ಕಲಿಕೆ ಏನಾದರೂ ಆಗಲಿ, ಅಲ್ಲಿ ತೂಗುತ್ತಿರುವುದು ಅವರ ಒಂದು ವರ್ಷ. ಹಿಂದಿನ ರಾತ್ರಿ ಫೋನ್ ಮಾಡಿ "ಮನೆಯಲ್ಲಿ ಕಾರ್ಯಕ್ರಮವಿದೆ, ಬರಲಾಗುವುದಿಲ್ಲ" ಎನ್ನುವ ಸ್ವಯಂಸೇವಕರು ನನಗೂ ಸಿಕ್ಕಿದ್ದಾರೆ. ಆದ್ದರಿಂದ ಒಪ್ಪಿದರೆ ಕೊನೆಯವರೆಗೂ ಒಪ್ಪಿ. ಪರೀಕ್ಷೆಗೆ ಎರಡು ದಿನ ಮೊದಲೇ ಲಿಪಿಕಾರರನ್ನು ಭೇಟಿಯಾಗಿ, ತಮಗೆ ಹೊಂದುತ್ತಾರೆಯೇ ಎಂದು ನೋಡಿಕೊಳ್ಳುವ ಅವಕಾಶವನ್ನು ಕೇಂದ್ರದ 2018ರ ಮಾರ್ಗಸೂಚಿಯೇ ಅಭ್ಯರ್ಥಿಗೆ ಕೊಟ್ಟಿತ್ತು. ಅವರು ಒಂದು ಪುಟ ಹೇಳಿ ಬರೆಸಿ ನಿಮ್ಮನ್ನು ಪರೀಕ್ಷಿಸಬಹುದು, ನಿಮ್ಮನ್ನು ಬೇಡವೆನ್ನಲೂಬಹುದು, ಬೇಸರ ಮಾಡಿಕೊಳ್ಳಬೇಡಿ. ಉಪಕಾರ ಮಾಡಲು ಹೋದವರನ್ನೇ ಆರಿಸುವ ಹಕ್ಕು ಎದುರಿನವರಿಗೆ ಇರುವುದು ನಮ್ಮ ಜನಕ್ಕೆ ಇನ್ನೂ ಹೊಸದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಾಳೆಯೇ ಒಪ್ಪಿಗೆ ತಿಳಿಸುತ್ತೇನೆ. ಎಂ.ಎ. ಓದಿರುವ ನನ್ನ ಅಕ್ಕನಿಗೂ ಆಸಕ್ತಿಯಿದೆ, ಅವರೂ ಬರೆಯಬಹುದೇ?

ಉತ್ತರ 3 (ಗ್ರಂಥಪಾಲಕ, ಶಿವಮೊಗ್ಗ)

ಅಭ್ಯರ್ಥಿಯೇ ಕರೆತರುವ ಲಿಪಿಕಾರರ ವಿದ್ಯಾರ್ಹತೆ ಅಭ್ಯರ್ಥಿಗಿಂತ ಕೆಳಗಿರಬೇಕೆಂದು ಮಾರ್ಗಸೂಚಿ ಹೇಳುವುದರಿಂದ, ಪದವಿ ಪರೀಕ್ಷೆಗೆ ನಿಮ್ಮ ಅಕ್ಕ ಹೊಂದುವುದಿಲ್ಲ. ಪಿಯುಸಿ ಮುಗಿಸಿ ಇನ್ನೂ ಓದುತ್ತಿರುವ ನೀವು ಕೂಡ ವಿಶ್ವವಿದ್ಯಾಲಯದ ಸುತ್ತೋಲೆಯನ್ನು ಒಮ್ಮೆ ನೋಡಿಕೊಳ್ಳಿ. ಅಕ್ಕನವರಿಗೆ ಬೇರೆ ಕೆಲಸ ಬೇಕಾದಷ್ಟಿದೆ. ಹಳೆಯ "ನುಡಿ" ತಂತ್ರಾಂಶದ ಅಕ್ಷರವಿನ್ಯಾಸದಲ್ಲಿರುವ ಕನ್ನಡ ಟಿಪ್ಪಣಿಗಳನ್ನು ಸ್ಕ್ರೀನ್ ರೀಡರ್ (ತೆರೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ) ಓದಿದರೆ ಅರ್ಥವಿಲ್ಲದ ಸದ್ದಷ್ಟೇ ಕೇಳಿಸುತ್ತದೆ. ಅವನ್ನು ಎಲ್ಲ ತಂತ್ರಾಂಶಗಳೂ ಗುರುತಿಸುವ ಅಕ್ಷರಸಂಕೇತವಾದ ಯೂನಿಕೋಡ್‌ಗೆ ತಂದು ತಿದ್ದಬೇಕು. ಸ್ಕ್ಯಾನ್ ಮಾಡಿದ ಪುಟಗಳಲ್ಲಿ ಯಂತ್ರವು "ವು" ಇದ್ದಲ್ಲಿ "ಮ" ಎಂದೂ "ಧ" ಇದ್ದಲ್ಲಿ "ದ" ಎಂದೂ ಓದಿಬಿಡುವುದುಂಟು, ಅದನ್ನು ಕಣ್ಣಿಟ್ಟು ಸರಿಪಡಿಸುವವರು ಬೇಕು. ಮನೆಯಲ್ಲೇ ಕುಳಿತು ಮಾಡಬಹುದಾದ ಕೆಲಸವಿದು, ಪರೀಕ್ಷೆಯ ತಿಂಗಳಿಗಾಗಿ ಕಾಯಬೇಕಾಗಿಲ್ಲ.