ಪದಚರ್ಚೆ: ಹೀಟರ್ ಹೋಸಿನ ‘ಒಳ’ ಯಾವುದು, ‘ಹೊರ’ ಯಾವುದು?

ಎಲ್ಲರಿಗೂ ನಮಸ್ಕಾರ.

ಹಳೆಯ ಪಿಕಪ್ ಟ್ರಕ್ಕುಗಳನ್ನು ತಾವೇ ಬಿಚ್ಚಿ ಜೋಡಿಸಿಕೊಳ್ಳುವವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಬ್ರೇಕು, ಕ್ಲಚ್ಚು, ಗೇರುಗಳ ಅಧ್ಯಾಯಗಳನ್ನು ಹೇಗೋ ದಾಟಿದೆ. ಈಗ ಎಂಜಿನ್ನಿನ ಬಿಸಿನೀರನ್ನು ಕ್ಯಾಬಿನ್ ಬೆಚ್ಚಗಿಡುವ ಹೀಟರಿಗೆ ಒಯ್ದು ತರುವ ಎರಡು ರಬ್ಬರ್ ಹೋಸುಗಳ ಬಳಿ ಸಿಕ್ಕಿಕೊಂಡಿದ್ದೇನೆ. ಇರುವುದು ಎರಡೇ ಹೋಸು, ನಾಲ್ಕೇ ತುದಿ. ಯಾವ ತುದಿ ಎಲ್ಲಿಗೆ ಎಂಬುದನ್ನು ಅನುಮಾನವಿಲ್ಲದಂತೆ ಹೇಳುವ ಕನ್ನಡ ಪದಗಳು ನನಗೆ ಸಿಕ್ಕುತ್ತಿಲ್ಲ.

ಮೊದಲ ಕರಡಿನಲ್ಲಿ ‘ಒಳಹರಿವಿನ ಹೋಸ್’, ‘ಹೊರಹರಿವಿನ ಹೋಸ್’ ಎಂದು ಬರೆದಿದ್ದೆ. ಪಠ್ಯಪುಸ್ತಕದ ಭಾಷೆ, ಯಾರೂ ತಪ್ಪು ಹುಡುಕಲಾರರು ಎಂದುಕೊಂಡಿದ್ದೆ. ಕರಡನ್ನು ಗೆಳೆಯನೊಬ್ಬನಿಗೆ ಕೊಟ್ಟೆ. ಅವನ ಟ್ರಕ್ಕಿನಲ್ಲಿ ಇರುವುದು ಹಳೆಯ ಶೆವ್ರೊಲೆಯ ಸ್ಮಾಲ್ ಬ್ಲಾಕ್ ವಿ8 ಎಂಬ ಎಂಟು ಸಿಲಿಂಡರಿನ ಎಂಜಿನ್. ಅದರಲ್ಲಿ ಬಿಸಿನೀರು ಇನ್‌ಟೇಕ್ ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ ಹಂಚುವ ಭಾಗ) ಮೂತಿಯಿಂದ, ಅಂದರೆ ಹೋಸ್ ಸಿಕ್ಕಿಸುವ ತುದಿಯಿಂದ, 5/8 ಇಂಚಿನ ಹೋಸಿನಲ್ಲಿ ಹೀಟರಿಗೆ ಹೋಗುತ್ತದೆ, ಹೀಟರಿನಿಂದ 3/4 ಇಂಚಿನ ಹೋಸಿನಲ್ಲಿ ವಾಟರ್ ಪಂಪಿಗೆ ಬರುತ್ತದೆ. ‘ಒಳಹರಿವಿನ ಹೋಸ್ 5/8 ಇಂಚು’ ಎಂದು ನಾನು ಬರೆದದ್ದು ಹೀಟರಿನ ಕಡೆಯಿಂದ ನೋಡಿ. ಅವನು ಓದಿದ್ದು ಎಂಜಿನ್ನಿನ ಕಡೆಯಿಂದ ನೋಡಿ. ಎಂಜಿನ್ನಿನ ಒಳಕ್ಕೆ ಹರಿಯುವುದು ಎಂದರೆ ಪಂಪಿನ ಬಾಯಿಗೇ ತಾನೇ? ಸೋಪಿನ ನೀರು ಹಚ್ಚಿ, ತಿರುಚಿ, ಬಲವಂತವಾಗಿ ಸಣ್ಣ ಹೋಸನ್ನು ದೊಡ್ಡ ಮೂತಿಗೆ ಏರಿಸಿದ. ಅದರ ತುದಿ ಸೀಳಿತು. ದೊಡ್ಡ ಹೋಸನ್ನು ಸಣ್ಣ ಮೂತಿಗೆ ಹಾಕಿ ಕ್ಲಾಂಪನ್ನು ಕೊನೆಯ ಸುತ್ತಿನವರೆಗೆ ಬಿಗಿದ. ರಬ್ಬರ್ ನೆರಿಗೆ ಬಿದ್ದು ಅಲ್ಲಿಂದ ತೊಟ್ಟಿಕ್ಕತೊಡಗಿತು. ಎರಡು ಹೋಸು ಹಾಳಾದವು, ಅಂಗಳದಲ್ಲಿ ಹಸಿರು ನೀರಿನ ಮಡು. ಬೈದದ್ದು ಮಾತ್ರ ನನ್ನನ್ನು, ಅದೂ ನ್ಯಾಯವಾಗಿಯೇ.

ಆಮೇಲೆ ಹೊಳೆಯಿತು. ‘ಒಳ’, ‘ಹೊರ’ ಎಂಬುವು ನಿಂತ ಜಾಗವನ್ನು ಅವಲಂಬಿಸಿದ ಪದಗಳು. ಸುತ್ತಿ ಸುತ್ತಿ ಅಲ್ಲಿಗೇ ಬರುವ ನೀರಿಗೆ ಒಳವೂ ಇಲ್ಲ, ಹೊರವೂ ಇಲ್ಲ. ಒಬ್ಬರ ಹೊರಹರಿವೇ ಇನ್ನೊಬ್ಬರ ಒಳಹರಿವು.

ಎಂಜಿನ್ನಿನ ಒಳಗು ಕಂಡಿಲ್ಲದವರಿಗಾಗಿ ನೀರಿನ ಜಾಡನ್ನು ಒಮ್ಮೆ ಹೇಳಿಬಿಡುತ್ತೇನೆ. ಪಂಪು ರೇಡಿಯೇಟರಿನ ತಳದಿಂದ ತಣಿದ ನೀರನ್ನು ಹೀರಿ ಎಂಜಿನ್ನಿನ ಒಡಲಾದ ಬ್ಲಾಕಿಗೆ ತಳ್ಳುತ್ತದೆ. ಅದು ಸಿಲಿಂಡರುಗಳ ಸುತ್ತ ಹಾದು, ಅದರ ಮೇಲೆ ಕೂತ ಹೆಡ್ಡಿಗೆ ಏರಿ, ಥರ್ಮೋಸ್ಟಾಟಿನ ಬಾಗಿಲಿಗೆ ಬರುತ್ತದೆ. ನೀರು 82 ಅಥವಾ 90 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯುವವರೆಗೆ ಆ ಬಾಗಿಲು ಮುಚ್ಚಿರುತ್ತದೆ. ಕಾದಾಗ ಒಳಗಿನ ಮೇಣ ಉಬ್ಬಿ ಬಾಗಿಲನ್ನು ತಳ್ಳುತ್ತದೆ, ನೀರು ಮೇಲಿನ ಹೋಸಿನಿಂದ ರೇಡಿಯೇಟರಿಗೆ ಇಳಿಯುತ್ತದೆ. ಹೀಟರಿನ ಕವಲು ಈ ಬಾಗಿಲಿಗೆ ಮುಂಚೆಯೇ ಒಡೆಯಬೇಕು. ಇಲ್ಲವಾದರೆ ಎಂಜಿನ್ ಪೂರ್ತಿ ಕಾಯುವವರೆಗೆ ಚಳಿಯಲ್ಲಿ ಕುಳಿತವನಿಗೆ ಬಿಸಿಗಾಳಿ ಸಿಕ್ಕುವುದಿಲ್ಲ. ಆ ಕವಲು ಕ್ಯಾಬಿನ್ನಿನೊಳಗಿನ ಕಿರು ರೇಡಿಯೇಟರನ್ನು ಹೊಕ್ಕು ಹೊರಟು ಪಂಪಿನ ಹೀರುವ ಬದಿಗೆ ಸೇರುತ್ತದೆ. (‘ಹೀಟರ್ ಕೋರ್’ ಎಂಬುದನ್ನು ಒಬ್ಬರು ‘ಹೀಟರ್ ತಿರುಳು’ ಎಂದು ಅನುವಾದಿಸಿದ್ದನ್ನು ಕಂಡಿದ್ದೇನೆ. ತಿರುಳು ಹಲಸಿಗೆ, ಹುಣಸೆಗೆ. ಇದಕ್ಕೆ ‘ಕಿರು ರೇಡಿಯೇಟರ್’ ಎಂದರೆ ಸಾಕು, ಏಕೆಂದರೆ ಅದು ಅದೇ.)

ನಾನು ತೂಗಿ ನೋಡಿದ ಪದಗಳು ಹಲವು.

‘ಬಿಸಿ ಹೋಸ್, ತಣ್ಣನೆಯ ಹೋಸ್’ ಎನ್ನೋಣವೆಂದರೆ ಎರಡೂ ಕೈ ಸುಡುತ್ತವೆ. ಹೀಟರಿನ ಫ್ಯಾನ್ ನಿಂತಿದ್ದಾಗ ಎರಡರ ಕಾವಿನಲ್ಲಿ ವ್ಯತ್ಯಾಸವೇ ತಿಳಿಯದು. ಒಂದು ಬಿಸಿ, ಇನ್ನೊಂದು ತಣ್ಣಗೆ ಎಂದರೆ ಕಿರು ರೇಡಿಯೇಟರ್ ಕಟ್ಟಿಕೊಂಡಿದೆ, ಇಲ್ಲವೇ ಹೀಟರಿಗೆ ನೀರು ಬಿಡುವ ವಾಲ್ವು ಮುಚ್ಚಿದೆ ಎಂದರ್ಥ. ಕಾಯಿಲೆಯ ಲಕ್ಷಣವನ್ನು ಹೆಸರಾಗಿ ಇಡುವುದು ಸರಿಯಲ್ಲ.

‘ಮರಳುಗೊಳವೆ’ ನನಗೆ ತುಂಬ ಹಿಡಿಸಿತ್ತು. ಮರಳಿ ಬರುವ ಕೊಳವೆ. ಆದೇಶ ಸಂಧಿಯೂ ಊದುಗೊಳವೆಯಂತೆ ಕಿವಿಗೆ ಹಿತ. ಆದರೆ ‘ಮರಳು’ ಎಂದರೆ ಹೊಳೆಯ ಉಸುಕೂ ಹೌದು, ಎಸರು ಕುದಿಯುವುದೂ ಹೌದು. ‘ಎಸರು ಮರಳುತ್ತಿದೆ’ ಎಂಬ ಮಾತು ಕೇಳಿ ಬೆಳೆದವರು ಮರಳುಗೊಳವೆ ಎಂದರೆ ಕುದಿನೀರು ಬರುವ ಕೊಳವೆ ಎಂದೇ ತಿಳಿದಾರು. ಅಂದರೆ ನಾನು ಹೇಳಬಯಸಿದ್ದಕ್ಕೆ ಸರಿಯಾಗಿ ತಿರುಗುಮುರುಗು! ಒಂದೇ ಪದ ಮೂರು ಅರ್ಥ ಕೊಡುವುದು ಕವಿಗೆ ವರ, ಸ್ಪ್ಯಾನರ್ ಹಿಡಿದವನಿಗೆ ಶಾಪ.

‘ಊಡುಗೊಳವೆ’ಯನ್ನೂ ಯೋಚಿಸಿದೆ. ಊಡು ಎಂದರೆ ಉಣಿಸು. ಹೀಟರಿಗೆ ಬಿಸಿನೀರು ಊಡುವುದು. ಅರ್ಥ ಚೆನ್ನ. ಒಂದು ಅಕ್ಷರದಲ್ಲಿ ಅಚ್ಚಿನ ತಪ್ಪಾದರೆ ಅದು ಊದುಗೊಳವೆಯಾಗಿ ಒಲೆಯ ಮುಂದೆ ಹೋಗಿ ಕೂರುತ್ತದೆ, ಅದೊಂದೇ ಭಯ.

ಮೆಕ್ಯಾನಿಕ್ಕುಗಳು ಈ ಗೊಂದಲಕ್ಕೇ ಹೋಗುವುದಿಲ್ಲ. ‘ಮ್ಯಾನಿಫೋಲ್ಡ್ ಹೋಸ್’, ‘ಪಂಪ್ ಹೋಸ್’ ಎಂದು ಕಚ್ಚಿಕೊಂಡ ಜಾಗದ ಹೆಸರಿನಿಂದಲೇ ಕರೆಯುತ್ತಾರೆ. ರೇಡಿಯೇಟರಿನದಕ್ಕೂ ಹಾಗೆಯೇ: ಮೇಲಿನ ಹೋಸ್, ಕೆಳಗಿನ ಹೋಸ್. ಒಂದು ಎಂಜಿನ್ನಿನ ಮುಂದೆ ನಿಂತು ಮಾತಾಡುವಾಗ ಇದಕ್ಕಿಂತ ಒಳ್ಳೆಯ ಪದವಿಲ್ಲ. ಆದರೆ ಕೈಪಿಡಿ ಹಲವು ಎಂಜಿನ್ನುಗಳಿಗೆ ಹೊಂದಬೇಕು. ಕೆಲವದರಲ್ಲಿ ಹಿಂದಿರುಗುವ ಹೋಸು ಪಂಪಿಗೆ ಬರದೆ ರೇಡಿಯೇಟರಿನ ತೊಟ್ಟಿಗೆ ಸೇರುತ್ತದೆ. ಅಲ್ಲಿ ‘ಪಂಪ್ ಹೋಸ್’ ಎಂದರೆ ಓದುಗ ಇಲ್ಲದ ಮೂತಿಯನ್ನು ಹುಡುಕುತ್ತ ಕೂರುತ್ತಾನೆ.

ಸದ್ಯಕ್ಕೆ ನನ್ನ ಒಲವು ‘ಹೀರುಹೋಸ್’ ಎಂಬುದರ ಕಡೆಗೆ. ಈ ಇಡೀ ಸುತ್ತಿನಲ್ಲಿ ಕೆಲಸ ಮಾಡುವುದು ಪಂಪು ಒಂದೇ; ಉಳಿದವೆಲ್ಲ ನೀರಿಗೆ ದಾರಿ ಬಿಟ್ಟು ನಿಂತಿರುತ್ತವೆ. ಆದ್ದರಿಂದ ಪಂಪಿನ ಕ್ರಿಯೆಯಿಂದ ಹೆಸರಿಟ್ಟರೆ ನೋಡುವವನು ಎಲ್ಲಿ ನಿಂತರೂ ಅರ್ಥ ಬದಲಾಗದು. ನೇರವಾಗಿ ಸೇರಲಿ, ರೇಡಿಯೇಟರಿನ ಮೂಲಕ ಸೇರಲಿ, ಕೊನೆಗೆ ಅದನ್ನು ಹೀರುವುದು ಪಂಪೇ. ಪಂಪ್‌ಸೆಟ್ ಬಲ್ಲವರಿಗೆ ‘ಸಕ್ಷನ್’, ‘ಡೆಲಿವರಿ’ ನಾಲಿಗೆಯ ತುದಿಯಲ್ಲಿವೆ. ‘ಹೀರು’ ಅದಕ್ಕೆ ಪಕ್ಕದ ಮನೆಯ ಪದ. ರೇಡಿಯೇಟರಿನ ಕೆಳಗಿನ ಹೋಸಿನೊಳಗೆ ಕೆಲವೊಮ್ಮೆ ತಂತಿಯ ಸ್ಪ್ರಿಂಗ್ ಇರುವುದೇಕೆ ಎಂಬುದನ್ನೂ ಈ ಪದವೇ ವಿವರಿಸುತ್ತದೆ: ಹೀರುವ ಸೆಳೆತಕ್ಕೆ ರಬ್ಬರ್ ಚಪ್ಪಟೆಯಾಗಬಾರದು. ಆದರೆ ಜೋಡಿಯ ಇನ್ನೊಂದಕ್ಕೆ ಏನು? ‘ತಳ್ಳುಹೋಸ್’ ಒರಟು. ‘ಕೊಡುಹೋಸ್’ ಎಂದರೆ ಯಾರೋ ಯಾರನ್ನೋ ‘ಹೋಸ್ ಕೊಡು’ ಎಂದು ಕೇಳಿದಂತಿದೆ. ಬೇರೆ ಸಿಕ್ಕುವವರೆಗೆ ಊಡುಗೊಳವೆಯನ್ನೇ ‘ಊಡುಹೋಸ್’ ಮಾಡಿ ಇಟ್ಟುಕೊಂಡಿದ್ದೇನೆ.

‘ಹೋಸ್’ ಎಂಬುದನ್ನೇ ಬಿಟ್ಟು ‘ಕೊಳವೆ’ ಎನ್ನಬಾರದೇ ಎಂದು ಕೇಳಬಹುದು. ಕೊಳವೆ ಒಳ್ಳೆಯ ಪದ, ಕೊಳಲಿನ ನೆಂಟ. ಆದರೆ ಕೊಳಲಿನ ಹಾಗೆಯೇ ಅದು ಬಾಗುವುದಿಲ್ಲ. ಕೊಳವೆ ಎಂದಾಗ ಕಣ್ಣಿಗೆ ಬರುವುದು ಬಿದಿರು, ಕಬ್ಬಿಣ. ಈ ಎಂಜಿನ್ನುಗಳಲ್ಲಿ ನಿಜವಾದ ಲೋಹದ ಕೊಳವೆಗಳೂ ಇವೆ, ಅವಕ್ಕೆ ಆ ಹೆಸರು ಬೇಕು. ‘ಮೆದುಗೊಳವೆ’ ಚೆನ್ನಾಗಿದೆಯಾದರೂ ಪುಟಕ್ಕೆ ಇಪ್ಪತ್ತು ಸಲ ಬರೆದರೆ ಓದುಗನಿಗೂ ಸುಸ್ತು. ‘ಹಳೆಯ ಹೋಸ್ ತೆಗೆದು ಹೊಸ ಹೋಸ್ ಹಾಕಿ’ ಎಂದು ಬರೆದಾಗ ನಗು ಬರುವುದು ನಿಜ, ಆ ಬೆಲೆ ತೆರಲು ಸಿದ್ಧನಿದ್ದೇನೆ. ಎಂಜಿನ್ನನ್ನು ತಣಿಸಲು ಒಳಗೆ ಸುತ್ತುವ ಈ ನೀರಿಗೆ ಪುಸ್ತಕದ ಹೆಸರಾದ ‘ಶೀತಕ’ದ ವಿಷಯದಲ್ಲೂ ನಾನು ಸೋತಿದ್ದೇನೆ. ‘90 ಡಿಗ್ರಿಯ ಶೀತಕವು ಕ್ಯಾಬಿನ್ನನ್ನು ಬೆಚ್ಚಗಿಡುತ್ತದೆ’ ಎಂಬ ವಾಕ್ಯವನ್ನು ನಾಚಿಕೆಯಿಲ್ಲದೆ ಬರೆಯಲಾರೆ. ‘ಕೂಲಂಟ್’ ಇರಲಿ, ಅದರ ಮೂಲದಲ್ಲೂ ತಂಪೇ ಇದೆ, ಆದರೆ ಕನ್ನಡದ ಕಿವಿಗೆ ಅದು ಕೇಳಿಸುವುದಿಲ್ಲ.

ಎರಡನೆಯ ಪ್ರಶ್ನೆ ಕ್ರಿಯಾಪದದ್ದು. ಹೋಸನ್ನು ಎಲ್ಲಿಂದ ಎಲ್ಲಿಗೆ, ಯಾವುದರ ಮೇಲೆ, ಯಾವುದರ ಪಕ್ಕ ಕೊಂಡೊಯ್ಯಬೇಕು ಎಂಬುದಕ್ಕೆ ಒಂದು ಪದ ಬೇಕು. ವೈರಿಗೆ ‘ಎಳೆಯುವುದು’ ಎನ್ನುತ್ತೇವೆ. ಹೋಸಿಗೆ ಅದು ಅಪಾಯದ ಪದ. ಎಂಜಿನ್ ತನ್ನ ರಬ್ಬರ್ ಮೌಂಟುಗಳ ಮೇಲೆ ಹೊಯ್ದಾಡುತ್ತದೆ, ಕ್ಯಾಬಿನ್ ಅದರ ಜೊತೆ ಹೊಯ್ದಾಡುವುದಿಲ್ಲ. ನಡುವಿನ ಹೋಸಿಗೆ ಸಡಿಲ ಇರಲೇಬೇಕು. ‘ಎಳೆಯಿರಿ’ ಎಂದು ಬರೆದರೆ ಎಳೆದೇ ಬಿಗಿಯುವವರಿದ್ದಾರೆ. ‘ಹಾಯಿಸು’ ಉತ್ತಮ, ಆದರೆ ನೀರು ಹಾಯಿಸಿದಾಗ, ಕಣ್ಣು ಹಾಯಿಸಿದಾಗ ಹಾಯಿಸಿದ್ದು ಮುಂದೆ ಸಾಗುತ್ತದೆ. ಹೋಸು ಅಲ್ಲೇ ಮಲಗಿರುತ್ತದೆ. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆಯ ತೂತಿನಲ್ಲಿ ದಾಟಿಸುವಾಗ ಮಾತ್ರ ‘ಹಾಯಿಸು’ ಸರಿ (ಅಲ್ಲಿ ಅಂಚು ಕೊಯ್ಯದಂತೆ ರಬ್ಬರ್ ಬಳೆ ಇರಬೇಕು). ಉಳಿದಂತೆ ನನಗೆ ಹೊಳೆದ ಪದ ‘ಹಬ್ಬಿಸು’. ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುವವನು ಅದನ್ನು ಎಳೆಯುವುದಿಲ್ಲ, ಮುರಿಯುವಂತೆ ಬಗ್ಗಿಸುವುದಿಲ್ಲ, ಅಲ್ಲಲ್ಲಿ ಸಡಿಲವಾಗಿ ಕಟ್ಟುತ್ತಾನೆ, ಬೆಂಕಿಯ ಪಕ್ಕ ಬಿಡುವುದಿಲ್ಲ. ಹೋಸಿನ ವಿಷಯದಲ್ಲಿ ಬೇಕಾದ ಎಚ್ಚರವೂ ಇಷ್ಟೇ: ಸುಡುವ ಹೊಗೆ ಹೊರಡುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರ, ಫ್ಯಾನ್ ಬೆಲ್ಟಿಗೆ ತಗಲದಂತೆ, ತಿರುವಿನಲ್ಲಿ ಮಡಿಕೆ ಬೀಳದಂತೆ. ಇದು ತೀರಾ ಕಾವ್ಯವಾಯಿತೇ? ಗ್ಯಾರೇಜಿನಲ್ಲಿ ನಿಂತು ‘ಹೋಸು ಹಬ್ಬಿಸಿ’ ಎಂದರೆ ನಕ್ಕಾರೇ?

ಇನ್ನೊಂದು ಪದದ ಬಗ್ಗೆ ಚರ್ಚೆ ಬೇಡ, ಸಂತೋಷ ಹಂಚಿಕೊಳ್ಳುತ್ತೇನೆ ಅಷ್ಟೆ. ಹೋಸು ಬದಲಿಸಿದ ಮೇಲೆ ಒಳಗೆ ಗಾಳಿ ಸಿಕ್ಕಿಕೊಂಡರೆ ಎಂಜಿನ್ ಕಾದರೂ ಹೀಟರ್ ತಣ್ಣಗೆ ಊದುತ್ತದೆ. ಇದಕ್ಕೆ ‘ಗಾಳಿ ಹಿಡಿದಿದೆ’ ಎನ್ನುತ್ತೇವೆ. ಪರಿಹಾರ ‘ಗಾಳಿ ಬಿಡಿಸುವುದು’. ಮನುಷ್ಯರಿಗೆ ಗಾಳಿ ಸೋಕಿದಾಗ ಬೇವಿನ ಸೊಪ್ಪು ಬೇಕು. ಇಲ್ಲಿ ಟ್ರಕ್ಕಿನ ಮೂತಿಯನ್ನು ಎತ್ತರಕ್ಕೆ ನಿಲ್ಲಿಸಿ, ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು, ಹೀಟರ್ ವಾಲ್ವು ಪೂರ್ತಿ ತೆರೆದು ಎಂಜಿನ್ ಓಡಿಸಿದರೆ ಗುಳ್ಳೆಗಳು ತಾವೇ ಹೊರಡುತ್ತವೆ. ಇಂಥ ಪದ ಇರುವಾಗ ಅನುವಾದ ಏಕೆ ಬೇಕು?

ಈಗ ಕರಡಿನಲ್ಲಿರುವ ವಾಕ್ಯ ಇದು: ‘ಊಡುಹೋಸನ್ನು ಥರ್ಮೋಸ್ಟಾಟಿಗೆ ಮುಂಚಿನ ಮೂತಿಗೆ ಸಿಕ್ಕಿಸಿ, ಎಂಜಿನ್ನಿನ ಪಕ್ಕಕ್ಕೆ ಸಡಿಲವಾಗಿ ಹಬ್ಬಿಸಿ, ಗೋಡೆಯ ತೂತಿನಲ್ಲಿ ಹಾಯಿಸಿ, ಕಿರು ರೇಡಿಯೇಟರಿನ ಒಂದು ಮೂತಿಗೆ ಬಿಗಿಯಿರಿ, ಇನ್ನೊಂದು ಮೂತಿಯಿಂದ ಹೀರುಹೋಸನ್ನು ಅದೇ ದಾರಿಯಲ್ಲಿ ಪಂಪಿನತ್ತ ತನ್ನಿ.’ ಬಾನೆಟ್ ಎತ್ತಿ ನೋಡಿಲ್ಲದವರು ಇದನ್ನು ಓದಿ, ಎಲ್ಲಿ ಎಡವಿದಿರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ. ಗೆಳೆಯ ಹೊಸ ಹೋಸುಗಳನ್ನು ತಂದಿಟ್ಟುಕೊಂಡು ಕಾಯುತ್ತಿದ್ದಾನೆ.