ಮೇ 1: ಬೇಸ್‌ಬಾಲ್‌ನಲ್ಲಿ ಇದಕ್ಕಿಂತ ದೊಡ್ಡ ದಿನ ಇದೆಯಾ?

ಹೊಸ_ಗ್ಲೌಸ್:

ಕ್ರಿಕೆಟ್ ನೋಡಿ ಬೆಳೆದವನು ನಾನು. ಬೇಸ್‌ಬಾಲ್ ಹುಚ್ಚು ಹಿಡಿದು ಎರಡೇ ವರ್ಷ ಆಯ್ತು, ಆದ್ದರಿಂದ ಪ್ರಶ್ನೆ ಪೆದ್ದುಪೆದ್ದಾಗಿದ್ದರೆ ಬೈಯಬೇಡಿ.

ಮೊನ್ನೆ 1991ರ ಸೀಸನ್ ಬಗ್ಗೆ ಓದುತ್ತಿದ್ದೆ. ಆ ವರ್ಷ ಮೇ 1ರ ಮಧ್ಯಾಹ್ನ ಓಕ್ಲೆಂಡ್‌ನಲ್ಲಿ ರಿಕಿ ಹೆಂಡರ್ಸನ್ ತನ್ನ 939ನೇ ಬೇಸ್ ಕದ್ದು (ಅಂದರೆ ಚೆಂಡು ಹೊಡೆಯೋದನ್ನು ಕಾಯದೆ ಮುಂದಿನ ಬೇಸ್‌ಗೆ ಓಡಿ ಸೇರಿ) ಲೂ ಬ್ರಾಕ್‌ನ 938ರ ದಾಖಲೆ ಮುರಿದ. ಜನ ಇನ್ನೂ ಅದನ್ನೇ ಮಾತಾಡಿಕೊಳ್ಳುತ್ತಿರುವಾಗ, ಅದೇ ರಾತ್ರಿ ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ನೋಲನ್ ರಯಾನ್ ತನ್ನ ಏಳನೇ ನೋ-ಹಿಟ್ಟರ್ ಮುಗಿಸಿದ. ಅಂದರೆ ಪೂರ್ತಿ ಒಂಬತ್ತು ಇನಿಂಗ್ಸ್, ಎದುರಾಳಿಗೆ ಒಂದೂ ಹಿಟ್ ಇಲ್ಲ. ವಯಸ್ಸು ಎಷ್ಟು ಗೊತ್ತಾ? 44!

ಒಂದೇ ದಿನ ಇಂಥ ಎರಡು. ನನಗಂತೂ ತಲೆ ತಿರುಗಿತು. ಇದಕ್ಕಿಂತ ದೊಡ್ಡ ದಿನ ಬೇಸ್‌ಬಾಲ್‌ನಲ್ಲಿ ಬೇರೆ ಯಾವುದಾದರೂ ಇದೆಯಾ? ಇನ್ನೊಂದು, ಈ ಎರಡರಲ್ಲಿ ಯಾವುದು ದೊಡ್ಡದು ಅಂತೀರಿ? ನನ್ನ ಜೊತೆ ಆಟ ನೋಡುವ ಗೆಳೆಯ ಹೆಂಡರ್ಸನ್‌ಗೆ ಅವತ್ತು ಅನ್ಯಾಯ ಆಯ್ತು, ಅವನ ದಿನವನ್ನು ರಯಾನ್ ಕಿತ್ತುಕೊಂಡ ಅಂತ ಪಟ್ಟು ಹಿಡಿದು ಕೂತಿದ್ದಾನೆ.

ಮೂರನೇ_ಬೇಸ್:

ನಿಮ್ಮ ಗೆಳೆಯನ ಮಾತಿನಲ್ಲಿ ಅರ್ಧ ನಿಜ ಇದೆ, ಉಳಿದರ್ಧಕ್ಕೆ ರಿಕಿಯೇ ಕಾರಣ.

ಆ ಕದಿಯೋದನ್ನು ವಿಡಿಯೋದಲ್ಲಿ ನೋಡಿ. ನಾಲ್ಕನೇ ಇನಿಂಗ್ಸ್, ಎದುರಿಗೆ ನ್ಯೂಯಾರ್ಕ್ ಯಾಂಕೀಸ್, ಪಿಚರ್ (ಚೆಂಡು ಎಸೆಯುವವನು) ಟಿಮ್ ಲಿಯರಿ, ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಹಿಡಿಯುವವನು) ಮ್ಯಾಟ್ ನೋಕ್ಸ್. ರಿಕಿ ಎರಡನೇ ಬೇಸ್‌ನಲ್ಲಿದ್ದಾನೆ. ಮೂರನೇ ಬೇಸ್ ಕದಿಯೋದು ಕಷ್ಟ, ಕ್ಯಾಚರ್‌ಗೆ ಅದೇ ಹತ್ತಿರದ ಎಸೆತ. ಇವನು ಓಡಿದ, ತಲೆ ಮುಂದು ಮಾಡಿ ಮಣ್ಣಿಗೆ ಬಿದ್ದು ಜಾರಿದ, ಕೈ ಬೇಸಿಗೆ ತಾಗಿತು. ಎದ್ದವನೇ ಆ ಬೇಸನ್ನೇ ನೆಲದಿಂದ ಕಿತ್ತು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದ! ಆಟ ನಿಂತಿತು. ಮೈದಾನದಲ್ಲೇ ಮೈಕ್ ಕೊಟ್ಟರು, ಪಕ್ಕದಲ್ಲಿ ಬ್ರಾಕ್ ನಿಂತಿದ್ದ.

ರಿಕಿ ಮೊದಲು ಎಲ್ಲರಿಗೂ ಥ್ಯಾಂಕ್ಸ್ ಹೇಳಿದ. ಆಮೇಲೆ, ಬೇಸ್ ಕದಿಯೋದರಲ್ಲಿ ಬ್ರಾಕ್ ದೊಡ್ಡವನಾಗಿದ್ದ, ಆದರೆ ಇವತ್ತು ನಾನೇ ಎಲ್ಲರಿಗಿಂತ ದೊಡ್ಡವನು ಅನ್ನೋ ಅರ್ಥದ ಮಾತು ಬಂತು. ಬ್ರಾಕ್ ಪಕ್ಕದಲ್ಲೇ ಇದ್ದಾನೆ ಮಾರಾಯ್ರೆ! ಜನಕ್ಕೆ ಆ ಒಂದು ಸಾಲು ಮಾತ್ರ ನೆನಪಲ್ಲಿ ಉಳಿಯಿತು, ಹಿಂದೆ ಹೇಳಿದ ಥ್ಯಾಂಕ್ಸ್ ಎಲ್ಲ ಗಾಳಿಗೆ ಹೋಯಿತು. ಆ ರಾತ್ರಿ 44ರ ಹಿರಿಯ ಸದ್ದಿಲ್ಲದೆ ಬಂದು ಟೊರೊಂಟೊ ಬ್ಲೂ ಜೇಸ್‌ನ 16 ಜನರನ್ನು ಸ್ಟ್ರೈಕೌಟ್ ಮಾಡಿ, ಅಂದರೆ ಮೂರು ಸ್ಟ್ರೈಕ್‌ಗೆ ಔಟ್ ಮಾಡಿ, ಹೋದ. ಒಬ್ಬ ಜಂಬದವನು, ಒಬ್ಬ ಸಂಭಾವಿತ ಅಂತ ಪತ್ರಿಕೆಯವರಿಗೆ ಕಥೆ ತಾನಾಗಿಯೇ ಸಿಕ್ಕಿತು. ನನ್ನ ಮಟ್ಟಿಗೆ ಇದು ಸುಮ್ನೆ ಕಟ್ಟಿದ ಕಥೆ. ರಿಕಿ ಹೇಳಿದ್ದು ಲೆಕ್ಕದ ಮಾತು. ಕೊನೆಗೆ 1406ರ ತನಕ ಹೋದ, ಬ್ರಾಕ್‌ಗಿಂತ 468 ಜಾಸ್ತಿ. ಬೇರೆ ಯಾವ ದಾಖಲೆಯಲ್ಲಿ ಮೊದಲನೆಯವನಿಗೂ ಎರಡನೆಯವನಿಗೂ ಇಷ್ಟು ಅಂತರ ಇದೆ ಹೇಳಿ!

ಇನ್ನೊಂದು ತಮಾಷೆ. ರಯಾನ್ 1989ರಲ್ಲಿ 5000ನೇ ಸ್ಟ್ರೈಕೌಟ್ ಮಾಡಿದಾಗ ಬ್ಯಾಟ್ ಹಿಡಿದು ನಿಂತಿದ್ದವನು ಇದೇ ರಿಕಿ. 1990ರಲ್ಲಿ ರಯಾನ್ ಆರನೇ ನೋ-ಹಿಟ್ಟರ್ ಎಸೆದದ್ದೂ ಓಕ್ಲೆಂಡ್ ತಂಡದ ಮೇಲೆ, ಓಕ್ಲೆಂಡ್‌ನಲ್ಲೇ. ಹೋದಲ್ಲೆಲ್ಲ ಅಡ್ಡ ಬರುವ ನೆಂಟನ ಹಾಗೆ ಆ ಮನುಷ್ಯ ಇವನ ಬೆನ್ನು ಬಿಡಲೇ ಇಲ್ಲ.

ಹಳೇ_ಸ್ಕೋರ್‌ಕಾರ್ಡ್:

1991 ಚೆನ್ನಾಗಿದೆ, ಒಪ್ಪಿದೆ. ಆದರೆ ಮೇ 1 ಅಂದರೆ ನನಗೆ 1920. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ಬಾಸ್ಟನ್‌ನ ಬ್ರೇವ್ಸ್ ಫೀಲ್ಡ್. ಬ್ರೂಕ್ಲಿನ್ ರಾಬಿನ್ಸ್ ಮತ್ತು ಬಾಸ್ಟನ್ ಬ್ರೇವ್ಸ್. ಬ್ರೂಕ್ಲಿನ್ ಕಡೆಯಿಂದ ಲಿಯಾನ್ ಕಡೋರ್, ಬಾಸ್ಟನ್ ಕಡೆಯಿಂದ ಜೋ ಓಶ್ಗರ್ ಎಸೆಯೋಕೆ ನಿಂತರು. ಐದನೇ ಇನಿಂಗ್ಸ್‌ನಲ್ಲಿ ಬ್ರೂಕ್ಲಿನ್‌ಗೆ ಒಂದು ರನ್, ಆರನೇದರಲ್ಲಿ ಬಾಸ್ಟನ್‌ಗೆ ಒಂದು ರನ್. ಮುಗೀತು. ಒಂಬತ್ತಕ್ಕೆ ಸಮ ಆದರೆ ಆಟ ಮುಂದುವರಿಯುತ್ತೆ. ಅಲ್ಲಿಂದ ಮುಂದೆ 20 ಇನಿಂಗ್ಸ್ ಆಡಿದರೂ ಯಾರೂ ಒಂದು ರನ್ ಮಾಡಲಿಲ್ಲ. 26 ಇನಿಂಗ್ಸ್ ಆದ ಮೇಲೆ ಕತ್ತಲಾಯಿತು ಅಂತ ಅಂಪೈರ್ ಆಟ ನಿಲ್ಲಿಸಿದ. 1-1, ಟೈ. ಈಗ ಕೂತು ಕೇಳಿ: ಎರಡೂ ಕಡೆ ಪಿಚರ್ ಬದಲಾಗಲೇ ಇಲ್ಲ. ಕಡೋರ್ 26, ಓಶ್ಗರ್ 26. ಈಗಿನ ಕಾಲದಲ್ಲಿ ಒಬ್ಬ ಪಿಚರ್ ಒಂಬತ್ತು ಎಸೆದರೆ ಅದೇ ಮರುದಿನದ ಸುದ್ದಿ.

ಆಟ ಮುಗಿಯಬಹುದಾಗಿದ್ದ ಒಂದು ಗಳಿಗೆ ಇತ್ತು. 17ನೇ ಇನಿಂಗ್ಸ್, ಬ್ರೂಕ್ಲಿನ್ ಬ್ಯಾಟಿಂಗ್, ಮೂರೂ ಬೇಸ್ ತುಂಬಿವೆ. ಬ್ಯಾಟರ್ ಹೊಡೆದ ಚೆಂಡು ನೆಲದ ಮೇಲೆ ಪುಟಿದು ನೇರ ಓಶ್ಗರ್ ಕೈಗೆ ಬಂತು. ಅವನು ಹೋಮ್ ಪ್ಲೇಟ್‌ಗೆ, ಅಂದರೆ ರನ್ ಪೂರ್ತಿಯಾಗುವ ಜಾಗಕ್ಕೆ, ಎಸೆದ, ಮೂರನೇ ಬೇಸ್‌ನಿಂದ ಬರುತ್ತಿದ್ದ ಝ್ಯಾಕ್ ವೀಟ್ ಔಟ್. ಕ್ಯಾಚರ್ ಹ್ಯಾಂಕ್ ಗೌಡಿ ಇನ್ನೊಂದು ಔಟ್ ಆಸೆಗೆ ಮೊದಲ ಬೇಸ್‌ಗೆ ಎಸೆದ, ಅಲ್ಲಿ ಹೋಲ್ಕಿ ಕೈಯಲ್ಲಿ ಚೆಂಡು ಸರಿಯಾಗಿ ಕೂರಲಿಲ್ಲ. ಅಷ್ಟರಲ್ಲಿ ಎಡ್ ಕೊನೆಚಿ ಮೂರನೇ ಬೇಸ್ ತಿರುಗಿ ಮನೆ ಕಡೆ ಓಡುತ್ತಿದ್ದಾನೆ. ಹೋಲ್ಕಿ ವಾಪಸ್ ಎಸೆದ, ಎಸೆತ ಪಕ್ಕಕ್ಕೆ ಹೋಯಿತು. ಗೌಡಿ ಅದನ್ನು ಹಿಡಿದು, ಪ್ಲೇಟ್‌ನ ಅಡ್ಡಕ್ಕೆ ಹಾರಿ, ಜಾರಿಕೊಂಡು ಬರುತ್ತಿದ್ದ ಕೊನೆಚಿಯ ಮೊಳೆ ಬೂಟಿನ ಎದುರಿಗೇ ಬಿದ್ದು ಮುಟ್ಟಿಸಿದ. ಔಟ್! ಇನ್ನೂ ಒಂಬತ್ತು ಇನಿಂಗ್ಸ್ ಬಾಕಿ ಇತ್ತು ಅಂತ ಆಗ ಯಾರಿಗೆ ಗೊತ್ತು. ಅಂದಹಾಗೆ ಮೊದಲ ಮಹಾಯುದ್ಧಕ್ಕೆ ಆಟ ಬಿಟ್ಟು ಸೈನ್ಯ ಸೇರಿದ ಮೊದಲ ಮೇಜರ್ ಲೀಗ್ (ಅಮೆರಿಕದ ಬೇಸ್‌ಬಾಲ್‌ನ ಅತಿ ಮೇಲಿನ ಹಂತ) ಆಟಗಾರ ಇದೇ ಗೌಡಿ, ಬೂಟಿಗೆಲ್ಲ ಹೆದರುವ ಜಾತಿ ಅಲ್ಲ.

ಬ್ರೂಕ್ಲಿನ್ ಕಥೆ ಇನ್ನೂ ಇದೆ. ಆಗ ಬಾಸ್ಟನ್‌ನಲ್ಲಿ ಭಾನುವಾರ ಆಟ ಆಡುವಂತಿರಲಿಲ್ಲ. ಶನಿವಾರ ಈ 26 ಮುಗಿಸಿ ಮನೆಗೆ ಹೋಗಿ, ಭಾನುವಾರ ಫಿಲಡೆಲ್ಫಿಯಾ ಎದುರು 13 ಇನಿಂಗ್ಸ್ ಆಡಿ ಸೋತರು. ಸೋಮವಾರ ಮತ್ತೆ ಬಾಸ್ಟನ್‌ಗೆ ಬಂದು 19 ಇನಿಂಗ್ಸ್ ಆಡಿ ಸೋತರು. ಮೂರು ದಿನ, 58 ಇನಿಂಗ್ಸ್, ಒಂದೂ ಗೆಲುವಿಲ್ಲ. ಆದರೂ ಆ ವರ್ಷ ನ್ಯಾಷನಲ್ ಲೀಗ್ (ಮೇಜರ್ ಲೀಗ್‌ನ ಅರ್ಧ ಇದು, ಇನ್ನರ್ಧ ಅಮೆರಿಕನ್ ಲೀಗ್) ಗೆದ್ದವರು ಅವರೇ.

ಎಡಗೈ_ಸ್ಪಿನ್:

ಸಾರ್, ಬೇಜಾರು ಮಾಡ್ಕೋಬೇಡಿ. ಕೊನೆಗೆ ಅದು ಡ್ರಾ ಅಲ್ವಾ? ಯಾರೂ ಗೆಲ್ಲದ ಆಟವನ್ನು ಏಳು ನೋ-ಹಿಟ್ಟರ್ ಜೊತೆ ತೂಗೋದು ಹೇಗೆ? ಐದು ದಿನ ಆಡಿ ಡ್ರಾ ಆದ ಟೆಸ್ಟ್ ಎಷ್ಟು ನೋಡಿಲ್ಲ ನಾವು. ಅದೂ ಅಲ್ಲದೆ ಇದಕ್ಕಿಂತ ಉದ್ದದ ಆಟ ಆಮೇಲೆ ಆಗಿದೆ ಅಂತ ಓದಿದ ನೆನಪು.

ಹಳೇ_ಸ್ಕೋರ್‌ಕಾರ್ಡ್:

ನೆನಪು ಸರಿ, ಲೆಕ್ಕ ಬೇರೆ. 1984ರ ಮೇನಲ್ಲಿ ಶಿಕಾಗೊ ವೈಟ್ ಸಾಕ್ಸ್ ಮತ್ತು ಮಿಲ್ವಾಕೀ ಬ್ರೂವರ್ಸ್ 8 ಗಂಟೆ 6 ನಿಮಿಷ ಆಡಿದರು, ಎರಡು ದಿನಕ್ಕೆ ಹರಡಿ. ಗಡಿಯಾರದ ಲೆಕ್ಕದಲ್ಲಿ ಅದು ಉದ್ದ, ಆದರೆ ಇನಿಂಗ್ಸ್ 25. 1981ರ ಪಾಟಕೆಟ್ ಮತ್ತು ರಾಚೆಸ್ಟರ್ ಆಟ 33 ಇನಿಂಗ್ಸ್, ಅದು ಮೈನರ್ ಲೀಗ್. ಮೇಜರ್ ಲೀಗ್‌ನಲ್ಲಿ 26 ಇನ್ನೂ ಹಾಗೇ ನಿಂತಿದೆ. ಆ 26ಕ್ಕೆ ಹಿಡಿದ ಹೊತ್ತು ಎಷ್ಟು ಗೊತ್ತಾ? 3 ಗಂಟೆ 50 ನಿಮಿಷ. 2023ಕ್ಕೆ ಮುಂಚೆ ಕೆಲವು ಸಲ ಒಂಬತ್ತು ಇನಿಂಗ್ಸ್‌ಗೇ ಅಷ್ಟಾಗುತ್ತಿತ್ತು.

ಇನ್ನು ಡ್ರಾ ಅಂದಿರಿ. ನಾನು 1920 ಅಂದದ್ದು ಆ ಟೈ ಒಂದಕ್ಕೇ ಅಲ್ಲ. ಅವತ್ತೇ, ಅಂದರೆ ಅದೇ ಶನಿವಾರ, ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್‌ನಲ್ಲಿ ಇನ್ನೊಂದು ಆಟ ನಡೆಯುತ್ತಿತ್ತು. ಯಾಂಕೀಸ್ ಎದುರು ಬಾಸ್ಟನ್ ರೆಡ್ ಸಾಕ್ಸ್. ರೆಡ್ ಸಾಕ್ಸ್‌ನವರು ಕೆಲವೇ ತಿಂಗಳ ಹಿಂದೆ ದುಡ್ಡಿಗೆ ಮಾರಿದ್ದ ಬೇಬ್ ರೂತ್ ಈಗ ಯಾಂಕೀಸ್ ಬಟ್ಟೆಯಲ್ಲಿದ್ದ. ಏಪ್ರಿಲ್ ಪೂರ್ತಿ ಒಂದೂ ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಇರಲಿಲ್ಲ. ಅವತ್ತು ತನ್ನ ಹಳೇ ತಂಡದ ಹರ್ಬ್ ಪೆನಾಕ್ ಎಸೆತವನ್ನು ಬಲಗಡೆಯ ಸ್ಟ್ಯಾಂಡಿನ ಚಾವಣಿ ದಾಟಿಸಿದ. ಯಾಂಕೀ ಆಗಿ ಅವನ ಮೊದಲ ಹೋಮ್ ರನ್.

ಹಿಂದಿನ ವರ್ಷ 29 ಹೊಡೆದಿದ್ದ, ಅದೇ ಆಗ ದಾಖಲೆ. ಈ ವರ್ಷ 54 ಹೊಡೆದ. ಅಮೆರಿಕನ್ ಲೀಗ್‌ನಲ್ಲಿ ಯಾಂಕೀಸ್ ಬಿಟ್ಟರೆ ಬೇರೆ ಯಾವ ತಂಡವೂ, ಎಲ್ಲ ಆಟಗಾರರನ್ನು ಸೇರಿಸಿದರೂ, ಅಷ್ಟು ಹೊಡೆಯಲಿಲ್ಲ. ಈಗ ಎರಡೂ ಮೈದಾನವನ್ನು ಒಟ್ಟಿಗೆ ಇಟ್ಟು ನೋಡಿ. ಬಾಸ್ಟನ್‌ನಲ್ಲಿ ಒಂದೊಂದು ರನ್ ಅನ್ನು ಹಲ್ಲು ಕಚ್ಚಿ ಹಿಂಡಿ ತೆಗೆಯುವ ಹಳೇ ಕಾಲದ ಬೇಸ್‌ಬಾಲ್ ಕತ್ತಲಾಗುವ ತನಕ ಜಗ್ಗಾಡುತ್ತಿದೆ, ನ್ಯೂಯಾರ್ಕ್‌ನಲ್ಲಿ ಒಬ್ಬ ಒಂದೇ ಏಟಿಗೆ ಚೆಂಡನ್ನು ಚಾವಣಿ ಆಚೆ ಕಳಿಸಿ ನಿಧಾನಕ್ಕೆ ಓಡುತ್ತಿದ್ದಾನೆ. ಅದೇ ಸೀಸನ್‌ಗೆ ಎಂಜಲು ಹಚ್ಚಿ ಎಸೆಯೋದಕ್ಕೆ ನಿಷೇಧವೂ ಬಂದಿತ್ತು, ಹಳಬರು ಕೆಲವರಿಗೆ ಮಾತ್ರ ವಿನಾಯಿತಿ. ಆ ಆಗಸ್ಟ್‌ನಲ್ಲಿ ತಲೆಗೆ ಚೆಂಡು ಬಡಿದು ರೇ ಚಾಪ್ಮನ್ ತೀರಿಕೊಂಡ ಮೇಲೆ ಕೊಳೆಯಾದ ಚೆಂಡನ್ನು ಬೇಗ ಬದಲಿಸತೊಡಗಿದರು. ಪಿಚರ್‌ಗಳ ಕಾಲ ಮುಗಿದು ಬ್ಯಾಟರ್‌ಗಳ ಕಾಲ ಶುರುವಾದ ವರ್ಷ ಅದು. ‘ಈ ದಿನ ಇತಿಹಾಸದಲ್ಲಿ’ ಅಂತ ಹಾಕುವ ಪಟ್ಟಿಯಲ್ಲಿ ಇವೆರಡೂ ಬೇರೆ ಬೇರೆ ಸಾಲಿನಲ್ಲಿ ಕೂತಿರುತ್ತವೆ, ಒಂದೇ ಮಧ್ಯಾಹ್ನದ್ದು ಅಂತ ಹೊಳೆಯೋದೇ ಇಲ್ಲ.

ಎಡಗೈ_ಸ್ಪಿನ್:

ಸರಿ ಸರಿ, ಡ್ರಾ ಅಂದದ್ದನ್ನು ವಾಪಸ್ ತಗೊಂಡೆ. ರೂತ್‌ದು ಅದೇ ದಿನ ಅಂತ ನಿಜಕ್ಕೂ ಗೊತ್ತಿರಲಿಲ್ಲ.

ಬುಲ್‌ಪೆನ್_ಬೆಂಚು:

1951 ಅನ್ನು ಎಲ್ಲರೂ ಮರೆತಿರಾ? ಶಿಕಾಗೊದ ಕೊಮಿಸ್ಕಿ ಪಾರ್ಕ್, ಮೇ 1. ಮಿನ್ನಿ ಮಿನ್ಯೋಸೊ, ಕ್ಯೂಬಾದವನು, ಹಿಂದಿನ ದಿನವಷ್ಟೇ ಕ್ಲೀವ್‌ಲೆಂಡ್‌ನಿಂದ ಬಂದಿದ್ದ. ವೈಟ್ ಸಾಕ್ಸ್ ಪರ ಆಡಿದ ಮೊದಲ ಕಪ್ಪು ಆಟಗಾರ ಅವನು. ಮೊದಲ ಸಲ ಬ್ಯಾಟ್ ಹಿಡಿದು ಬಂದು ಯಾಂಕೀಸ್‌ನ ವಿಕ್ ರಾಶಿಗೆ ಹೋಮ್ ರನ್ ಹೊಡೆದ. ಅದೇ ಆಟದಲ್ಲಿ ಯಾಂಕೀಸ್ ಕಡೆ 19ರ ಒಬ್ಬ ಹುಡುಗ ತನ್ನ ಬದುಕಿನ ಮೊದಲ ಮೇಜರ್ ಲೀಗ್ ಹೋಮ್ ರನ್ ಹೊಡೆದ. ಹೆಸರು ಮಿಕಿ ಮ್ಯಾಂಟಲ್. ಆಮೇಲೆ 536ರ ತನಕ ಹೋದ. ಮ್ಯಾಂಟಲ್‌ಗೆ ಹಾಲ್ ಆಫ್ ಫೇಮ್, ಅಂದರೆ ಬೇಸ್‌ಬಾಲ್ ದಿಗ್ಗಜರ ಸಾಲಿನ ಗೌರವ, 1974ರಲ್ಲೇ ಸಿಕ್ಕಿತು. ಮಿನ್ಯೋಸೊಗೆ ಸಿಕ್ಕಿದ್ದು 2022ರಲ್ಲಿ, ಅವನು ತೀರಿಕೊಂಡು ಏಳು ವರ್ಷದ ಮೇಲೆ. ಅನ್ಯಾಯದ ಮಾತು ಬಂತಲ್ಲ, ರಿಕಿಗಲ್ಲ ಮಾರಾಯ್ರೆ, ಅನ್ಯಾಯ ಆದದ್ದು ಇವನಿಗೆ.

ಇನ್ನೂ ಹಿಂದೆ ಹೋಗಿ. 1884ರ ಮೇ 1, ಲೂಯಿವಿಲ್. ಟೊಲಿಡೊ ತಂಡದ ಕ್ಯಾಚರ್ ಮೋಸಸ್ ಫ್ಲೀಟ್‌ವುಡ್ ವಾಕರ್ ಮೇಜರ್ ಲೀಗ್‌ಗೆ ಕಾಲಿಟ್ಟ. ಕಪ್ಪು ಜನ ಆಡುವಂತಿಲ್ಲ ಅನ್ನೋ ಗೋಡೆ ಅದಾದ ಮೇಲೆ ಬಿಗಿಯಾಗಿ ಎದ್ದು, 1947ರಲ್ಲಿ ಜ್ಯಾಕಿ ರಾಬಿನ್ಸನ್ ಬರುವ ತನಕ ನಿಂತಿತ್ತು. ವಾಕರ್‌ನಿಂದ ಮಿನ್ಯೋಸೊಗೆ 67 ವರ್ಷ, ದಿನ ಮಾತ್ರ ಅದೇ.

ಸಣ್ಣದೊಂದು: 1969ರ ಏಪ್ರಿಲ್ 30ರಂದು ಸಿನ್ಸಿನಾಟಿಯ ಜಿಮ್ ಮಲೋನಿ ಹ್ಯೂಸ್ಟನ್ ಮೇಲೆ ನೋ-ಹಿಟ್ಟರ್ ಎಸೆದ. ಮರುದಿನ, ಮೇ 1ಕ್ಕೆ, ಹ್ಯೂಸ್ಟನ್‌ನ ಡಾನ್ ವಿಲ್ಸನ್ ಅದೇ ಮೈದಾನದಲ್ಲಿ ಸಿನ್ಸಿನಾಟಿ ಮೇಲೆ ನೋ-ಹಿಟ್ಟರ್ ಎಸೆದು ಬಡ್ಡಿ ಸಮೇತ ತೀರಿಸಿದ.

ರಯಾನ್ ವಿಷಯಕ್ಕೂ ಒಂದು ಬಾಲ ಇದೆ. 1991ರಲ್ಲಿ ಅವನ ಪಿಚಿಂಗ್ ಕೋಚ್ ಟಾಮ್ ಹೌಸ್. ಆ ಸಂಜೆ ಆಟಕ್ಕೆ ಮುಂಚೆ ಬೆನ್ನು ನೋವು ಅಂತ ರಯಾನ್ ಗೊಣಗಿದ್ದು ಇವನ ಹತ್ತಿರವೇ. 1974ರಲ್ಲಿ ಹ್ಯಾಂಕ್ ಏರನ್ 715ನೇ ಹೋಮ್ ರನ್ ಹೊಡೆದು ರೂತ್ ದಾಖಲೆ ಮುರಿದಾಗ, ಬದಲಿ ಪಿಚರ್‌ಗಳು ಕಾಯುವ ಬುಲ್‌ಪೆನ್‌ನಲ್ಲಿ ನಿಂತು ಆ ಚೆಂಡು ಹಿಡಿದವನೂ ಇದೇ ಟಾಮ್ ಹೌಸ್. ಕೆಲವರ ಜಾತಕವೇ ಹಾಗೆ, ಏನೂ ಮಾಡದಿದ್ದರೂ ಫೋಟೋದಲ್ಲಿ ಇರುತ್ತಾರೆ.

ಹೊಸ_ಗ್ಲೌಸ್:

ಎರಡು ಕೇಳಿದೆ, ಹತ್ತು ಸಿಕ್ಕಿತು, ಎಲ್ಲರಿಗೂ ಥ್ಯಾಂಕ್ಸ್. ಗೆಳೆಯನಿಗೆ ಲಿಂಕ್ ಕಳಿಸಿದೆ, ಅವನಿನ್ನೂ ರಿಕಿ ರಿಕಿ ಅಂತಲೇ ಇದ್ದಾನೆ.

ನಾನು ಮಾತ್ರ 1920ಕ್ಕೆ ಪಕ್ಷ ಬದಲಿಸಿದೆ. ಆ ಆಟದ ಸ್ಕೋರ್‌ಕಾರ್ಡ್ ಹುಡುಕಿ ತೆಗೆದು ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂತಿದ್ದೆ. ಬಾಸ್ಟನ್‌ನ ಎರಡನೇ ಬೇಸ್ ಆಟಗಾರ ಚಾರ್ಲಿ ಪಿಕ್ ಅಂತ ಒಬ್ಬ ಇದ್ದಾನಲ್ಲ, ಅವತ್ತು 11ಕ್ಕೆ ಸೊನ್ನೆ, ಒಂದೂ ಹಿಟ್ ಇಲ್ಲ! ಕ್ರಿಕೆಟ್‌ನಲ್ಲಿ ಡಕ್ ಆದರೆ ಪೆವಿಲಿಯನ್‌ಗೆ ಹೋಗಿ ಮುಖ ಮುಚ್ಚಿಕೊಂಡು ಕೂರಬಹುದು. ಈ ಪುಣ್ಯಾತ್ಮ ಹನ್ನೊಂದು ಸಲವೂ ಎದ್ದು ಬ್ಯಾಟ್ ಹಿಡಿದು ಬರಬೇಕಾಯಿತು.

ಹಳೇ_ಸ್ಕೋರ್‌ಕಾರ್ಡ್:

ಹಾಂ, ಪಿಕ್! ಓಶ್ಗರ್ ಆರನೇ ಇನಿಂಗ್ಸ್‌ನಿಂದ ಕೊನೆಯ ತನಕ, ಅಂದರೆ ಸತತ 21 ಇನಿಂಗ್ಸ್, ರನ್ ಕೊಡದೆ ಎಸೆದ. ಅವನ ಹಿಂದೆ ನಿಂತವರು ಅವನಿಗಾಗಿ ಇನ್ನೂ ಒಂದೇ ಒಂದು ರನ್ ಹೊಡೆದಿದ್ದರೆ ಸಾಕಿತ್ತು. ಆ ರಾತ್ರಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಓಶ್ಗರ್ ಪಿಕ್‌ನ ಮುಖವನ್ನು ಹೇಗೆ ನೋಡಿದ್ದಾನು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.