ಅಮೆರಿಕದ ಸುಪ್ರೀಂ ಕೋರ್ಟ್ ಜಡ್ಜ್‌ಗಳನ್ನ ಪ್ರೆಸಿಡೆಂಟ್ ಹೇಗೆ ಆರಿಸ್ತಾರೆ? ವಕೀಲರನ್ನ ಕೇಳಿ

ಪ್ರಶ್ನೆ: ಸರ್, ನಮ್ಮಣ್ಣ ನ್ಯೂಜೆರ್ಸಿಲಿದಾನೆ. ಎಲೆಕ್ಷನ್ ಬಂದಾಗೆಲ್ಲ ಅಲ್ಲಿ ಸುಪ್ರೀಂ ಕೋರ್ಟ್ ಸೀಟಿನದ್ದೇ ಮಾತಂತೆ. ಪ್ರೆಸಿಡೆಂಟ್ ತಮಗೆ ಬೇಕಾದವ್ರನ್ನ ಜಡ್ಜ್ ಮಾಡ್ಕೋಬಹುದಾ? ಮಾಡಿದ್ಮೇಲೆ ಅವ್ರು ಪಾರ್ಟಿ ಪರವಾಗೇ ತೀರ್ಪು ಕೊಡ್ತಾರಾ?

ಉತ್ತರ (ವಕೀಲರು): ಒಬ್ರೇ ಮಾಡೋಕಾಗಲ್ಲ. ಪ್ರೆಸಿಡೆಂಟ್ ಹೆಸರು ಕಳಿಸ್ತಾರೆ, ಸೆನೆಟ್ (ಅಲ್ಲಿನ ಸಂಸತ್ತಿನ ಮೇಲ್ಮನೆ) ಒಪ್ಪಬೇಕು. ಇಂತಿಷ್ಟು ವಯಸ್ಸಾಗಿರ್ಬೇಕು, ಲಾ ಓದಿರ್ಬೇಕು ಅಂತ ಕೂಡ ಅವ್ರ ಸಂವಿಧಾನದಲ್ಲಿ ಬರ್ದಿಲ್ಲ. ನಮ್ಮಲ್ಲಿ ಕೊಲಿಜಿಯಂ ಇದೆ, ಸೀನಿಯರ್ ಜಡ್ಜ್‌ಗಳೇ ಹೆಸರು ಕಳಿಸ್ತಾರೆ, 65ಕ್ಕೆ ರಿಟೈರ್. ಅಲ್ಲಿ ಇರೋದೇ 9 ಸೀಟು, ರಿಟೈರ್ಮೆಂಟ್ ವಯಸ್ಸೇ ಇಲ್ಲ, ಹಾಗಾಗಿ ಯಾರ ಕಾಲದಲ್ಲಿ ಸೀಟು ಖಾಲಿಯಾಗುತ್ತೆ ಅನ್ನೋದು ಮುಕ್ಕಾಲು ಪಾಲು ಅದೃಷ್ಟ. ಜಿಮ್ಮಿ ಕಾರ್ಟರ್ ಪೂರ್ತಿ 4 ವರ್ಷ ಇದ್ರು, ಒಂದೂ ಸಿಗ್ಲಿಲ್ಲ. ಟ್ರಂಪ್‌ಗೆ ಮೊದಲ 4 ವರ್ಷದಲ್ಲೇ 3 ಸಿಕ್ತು.

ಪಾರ್ಟಿ ಪರ ಇರ್ತಾರಾ ಅನ್ನೋದಕ್ಕೆ ಅಲ್ಲಿ ಜಡ್ಜ್ ಆಗಿದ್ದ ಡೇವಿಡ್ ಸೂಟರ್ ಕಥೆ ಗೊತ್ತಿರ್ಬೇಕು. 1987ರಲ್ಲಿ ರಿಪಬ್ಲಿಕನ್ ಪ್ರೆಸಿಡೆಂಟ್ ರೇಗನ್ ಆರಿಸಿದ ರಾಬರ್ಟ್ ಬೋರ್ಕ್ ತಮ್ಮ ಅಭಿಪ್ರಾಯಗಳನ್ನೆಲ್ಲ ಬರೆದಿಟ್ಟಿದ್ರು, ಸೆನೆಟ್‌ನವ್ರು ಅದನ್ನೇ ಹಿಡ್ಕೊಂಡು ಪ್ರಶ್ನೆ ಮೇಲೆ ಪ್ರಶ್ನೆ ಹಾಕಿ 58-42ರಲ್ಲಿ ಬೀಳಿಸಿದ್ರು. ಅದನ್ನ ನೋಡಿದ್ದ ಹಿರಿಯ ಬುಷ್ 1990ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಸೂಟರ್‌ನ ಆರಿಸಿದ್ರು, ವಿವಾದದ ವಿಷಯಗಳ ಬಗ್ಗೆ ಅವ್ರು ಬರೆದಿದ್ದೇ ಕಮ್ಮಿ, ಎದುರಾಳಿಗಳಿಗೆ ಹಿಡಿಯೋಕೆ ಏನೂ ಇರ್ಲಿಲ್ಲ. 90-9ರಲ್ಲಿ ಸಲೀಸಾಗಿ ಪಾಸ್. ಎರಡೇ ವರ್ಷಕ್ಕೆ, 1992ರಲ್ಲಿ, ಗರ್ಭಪಾತದ ಹಕ್ಕಿನ ಕೇಸ್ ಬಂತು. 9 ಜನರಲ್ಲಿ 8 ಜನ ರಿಪಬ್ಲಿಕನ್ ಪ್ರೆಸಿಡೆಂಟ್‌ಗಳು ಹಾಕಿದವ್ರು, ಹಕ್ಕು ಹೋಯ್ತು ಅಂತಲೇ ತುಂಬಾ ಜನ ಅಂದ್ಕೊಂಡಿದ್ರು, ಆದ್ರೆ ಸೂಟರ್, ಓಕಾನರ್, ಕೆನಡಿ ಮೂರೂ ಜನ ಸೇರಿ ತೀರ್ಪು ಬರೆದು 5-4ರಲ್ಲಿ ಅದನ್ನ ಉಳಿಸಿಬಿಟ್ರು. ಡೆಮಾಕ್ರಟ್ ಹಾಕಿದ್ದ ಒಬ್ಬರೇ ಒಬ್ರು ಬೈರನ್ ವೈಟ್, ಅವ್ರು ಹಕ್ಕಿನ ವಿರುದ್ಧ!

ಅಲ್ಲಿಂದ 'ನೋ ಮೋರ್ ಸೂಟರ್ಸ್' ಅನ್ನೋದೇ ರಿಪಬ್ಲಿಕನ್‌ರ ಮಂತ್ರ ಆಯ್ತು. 2005ರಲ್ಲಿ ಕಿರಿಯ ಬುಷ್ ತಮ್ಮದೇ ಆಫೀಸಿನ ಲಾಯರ್ ಹ್ಯಾರಿಯೆಟ್ ಮಿಯರ್ಸ್ ಹೆಸರು ಕಳಿಸಿದ್ರೆ, ಇವ್ರ ನಿಲುವು ಏನು ಅಂತ್ಲೇ ಗೊತ್ತಿಲ್ಲ ಅಂತ ಸ್ವಂತ ಪಾರ್ಟಿಯವ್ರೇ ಗಲಾಟೆ ಮಾಡಿ ವಾಪಸ್ ತಗೊಳ್ಳೋ ಹಾಗೆ ಮಾಡಿದ್ರು. 2016ರಲ್ಲಂತೂ ಟ್ರಂಪ್ ಎಲೆಕ್ಷನ್‌ಗೆ ಮುಂಚೇನೇ ಹೆಸರುಗಳ ಲಿಸ್ಟ್ ಪ್ರಕಟಿಸಿಬಿಟ್ರು. ಅವ್ರು ಹಾಕಿದ ಮೂರೂ ಜನ 2022ರಲ್ಲಿ ಅದೇ ಹಕ್ಕನ್ನ ತೆಗೆದುಹಾಕೋ ಕಡೆ ವೋಟ್ ಹಾಕಿದ್ರು. ಅಂದ್ರೆ ಅಚ್ಚರಿಗೆ ಈಗ ಜಾಗಾನೇ ಉಳಿದಿಲ್ಲ ಅನ್ನೋ ಮಟ್ಟಕ್ಕೆ ಜರಡಿ ಹಿಡೀತಾರೆ, ನನಗಂತೂ ಇದು ಕೋರ್ಟ್‌ಗೆ ಒಳ್ಳೇದಲ್ಲ ಅಂತಲೇ ಅನ್ಸುತ್ತೆ.

ಇನ್ನೊಬ್ಬ ಸದಸ್ಯರು: ಒಬಾಮಾ ಕಳಿಸಿದ ಹೆಸರನ್ನ ಸೆನೆಟ್ ನೋಡ್ಲೇ ಇಲ್ಲವಂತೆ? ಅದಕ್ಕೆ ಅವಕಾಶ ಇದ್ಯಾ?

ಉತ್ತರ: ಇಷ್ಟು ದಿನದೊಳಗೆ ವೋಟ್ ಹಾಕ್ಲೇಬೇಕು ಅಂತ ಎಲ್ಲೂ ಇಲ್ಲ, ಅದನ್ನೇ ಬಳಸ್ಕೊಂಡ್ರು. 2016ರ ಫೆಬ್ರವರಿಲಿ ಜಡ್ಜ್ ಸ್ಕಲಿಯಾ ತೀರ್ಕೊಂಡ್ರು, ಮಾರ್ಚ್‌ನಲ್ಲಿ ಒಬಾಮಾ ಮೆರಿಕ್ ಗಾರ್ಲಂಡ್ ಹೆಸರು ಕಳಿಸಿದ್ರು. ಸೆನೆಟ್‌ನಲ್ಲಿ ಬಹುಮತ ಇದ್ದ ರಿಪಬ್ಲಿಕನ್‌ರ ನಾಯಕ ಮಿಚ್ ಮೆಕಾನಲ್, ಇದು ಎಲೆಕ್ಷನ್ ವರ್ಷ, ಜನ ತೀರ್ಮಾನ ಮಾಡ್ಲಿ ಅಂದ್ರು. 293 ದಿನ ಒಂದು ಹಿಯರಿಂಗೂ ಇಲ್ಲ. 2020ರಲ್ಲಿ ಜಡ್ಜ್ ಗಿನ್ಸ್‌ಬರ್ಗ್ ಸೆಪ್ಟೆಂಬರ್ 18ಕ್ಕೆ ತೀರ್ಕೊಂಡಾಗ ಅದೇ ಮೆಕಾನಲ್, ಅಕ್ಟೋಬರ್ 26ಕ್ಕೆ ಟ್ರಂಪ್ ಕಳಿಸಿದ ಏಮಿ ಬ್ಯಾರೆಟ್‌ನ ಕೂರಿಸಿದ್ರು, ಎಲೆಕ್ಷನ್‌ಗೆ ಬರೀ 8 ದಿನ ಇತ್ತು. ನಿಯಮದ ಪ್ರಕಾರ ಎರಡೂ ಸರಿ, ನ್ಯಾಯದ ಪ್ರಕಾರ ಹೇಗೆ ಸರಿ ಅಂತ ಹೇಳೋಕೆ ನನಗಂತೂ ಬಾಯಿ ಬರಲ್ಲ. 2017ರಿಂದ, ಸೆನೆಟ್‌ನಲ್ಲಿ ಚರ್ಚೆ ನಿಲ್ಲಿಸಿ ಹೆಸರನ್ನ ವೋಟಿಗೆ ಹಾಕೋಕೂ 60 ವೋಟ್ ಬೇಡ, ಬಹುಮತ ಸಾಕು ಅಂತ ಮಾಡಿದಾರೆ, ಅಲ್ಲಿಗೆ ಎದುರು ಪಾರ್ಟಿಯವ್ರ ಮನಸ್ಸು ಗೆಲ್ಲೋ ಅಗತ್ಯಾನೇ ಹೋಯ್ತು. 1986ರಲ್ಲಿ ಸ್ಕಲಿಯಾಗೆ 98-0 ಬಿದ್ದಿತ್ತು, 2018ರಲ್ಲಿ ಕ್ಯಾವನಾಗೆ 50-48. ಒಬ್ಬೊಬ್ರಿಗೆ 18 ವರ್ಷ ಅಂತ ಅವಧಿ ಫಿಕ್ಸ್ ಮಾಡಿ ಅಂತ ಬೈಡನ್ 2024ರಲ್ಲಿ ಹೇಳಿದ್ರು, ಅದೇ ಸರಿಯಾದ ದಾರಿ ಅಂತ ನಾನೂ ನಂಬ್ತೀನಿ, ಸಾವಿಗೆ ಕಾಯೋ ಪರಿಸ್ಥಿತಿ ತಪ್ಪುತ್ತೆ.

ಪ್ರಶ್ನೆ: ನಮ್ಮ ದೇಶದ ಮೂಲದವ್ರು ಯಾರಾದ್ರೂ ಹತ್ರ ಬಂದಿದ್ರಾ ಸರ್?

ಉತ್ತರ: ಬಂದಿದ್ರು. 2016ರಲ್ಲಿ ಒಬಾಮಾ ಶಾರ್ಟ್‌ಲಿಸ್ಟ್‌ನಲ್ಲಿ ಚಂಡೀಗಢದಲ್ಲಿ ಹುಟ್ಟಿದ ಶ್ರೀ ಶ್ರೀನಿವಾಸನ್ ಇದ್ರು, ಟ್ರಂಪ್ ಲಿಸ್ಟ್‌ನಲ್ಲಿ ಅಮೂಲ್ ಥಾಪರ್. ಇಬ್ರೂ ಫೆಡರಲ್ ಅಪೀಲ್ ಕೋರ್ಟ್ ಜಡ್ಜ್ ಆದವ್ರು, ಹೆಚ್ಚಿನವ್ರು ಸುಪ್ರೀಂ ಕೋರ್ಟ್‌ಗೆ ಹೋಗೋದು ಅಲ್ಲಿಂದ್ಲೇ. ಎಲೆನಾ ಕಗನ್ ಥರ ಮೊದಲು ಜಡ್ಜೇ ಆಗಿರದೆ ನೇರ ಬಂದವ್ರು ಈಗ ಅಪರೂಪ.